ಬಾಲಕಿಂಕಿಣೀ ನಿರ್ಣಯ

ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಗೆ ಸೇರಿದ್ದರೂ ಶಾಲೆಗಳ ಲೆಕ್ಕದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂಬ ಪ್ರತ್ಯೇಕ ಪದವಿಯನ್ನು ಪಡೆದಿರುವ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ, ಭರತನಾಟ್ಯದ ಜೂನಿಯರ್ ಪರೀಕ್ಷೆಗೆ ಸಿದ್ಧವಾಗುವ ಮಗುವಿಗೆ ಎಂತಹ ಗೆಜ್ಜೆಯನ್ನು ಕೊಡಿಸಬೇಕೆಂಬ ಪ್ರಶ್ನೆಯು ಅಡುಗೆಮನೆಗಳಲ್ಲಿಯೂ ಬಸ್ ನಿಲ್ದಾಣಗಳಲ್ಲಿಯೂ ಬಹುವಾಗಿ ಚರ್ಚಿತವಾಗಿದ್ದರೂ, ಶಾಸ್ತ್ರೋಕ್ತ ನಿರ್ಣಯವೊಂದನ್ನು ಇನ್ನೂ ಬೇಡುತ್ತಿದೆ. ಶಾಸ್ತ್ರಗ್ರಂಥಗಳ ಆರಂಭದಲ್ಲಿ ಹೇಳಲೇಬೇಕಾದ ವಿಷಯ, ಅಧಿಕಾರಿ, ಪ್ರಯೋಜನ, ಸಂಬಂಧಗಳೆಂಬ ಅನುಬಂಧ ಚತುಷ್ಟಯದಲ್ಲಿ ಇಲ್ಲಿನ ವಿಷಯ ಗೆಜ್ಜೆ. ಅಧಿಕಾರಿ, ಎಂದರೆ ಈ ಶಾಸ್ತ್ರವನ್ನು ಓದಲು ಅರ್ಹನಾದವನು, ಹಣ ಕೊಡುವವನು. ಪ್ರಯೋಜನ, ಮಗುವು ಪರೀಕ್ಷಕರ ಎದುರು ಕಾಲೆತ್ತಬಲ್ಲದ್ದಾಗಿರುವುದು. ಸಂಬಂಧವೆಂದರೆ ಸಂಬಂಧಿಕರು, ಅವರ ಅಭಿಪ್ರಾಯಗಳನ್ನು ಮುಂದೆ ಖಂಡಿಸಲಾಗುವುದು.

ಮೊದಲಿಗೆ ಪರದೇಶದ ಪೂರ್ವಪಕ್ಷವನ್ನು ನೋಡಬಹುದು. ಲಂಡನ್ನಿನಲ್ಲಿ 1920ರಲ್ಲಿ ಹುಟ್ಟಿ ಈಗ ರಾಯಲ್ ಅಕಾಡೆಮಿ ಆಫ್ ಡಾನ್ಸ್ ಎಂದು ಕರೆಸಿಕೊಳ್ಳುವ ಸಂಸ್ಥೆಯ ಬ್ಯಾಲೆ ಪರೀಕ್ಷೆಗಳಲ್ಲಿ, ಹಂಗೇರಿ, ರಷ್ಯಾ ಮೊದಲಾದ ನಾಡುಗಳ ಜನಪದ ಕುಣಿತಗಳಿಂದ ಬಂದ ಕ್ಯಾರೆಕ್ಟರ್ ನೃತ್ಯಕ್ಕೆಂದು ಗಿಡ್ಡ ಹಿಮ್ಮಡಿಯ ಕ್ಯಾರೆಕ್ಟರ್ ಶೂ ಎಂಬ ಪಾದರಕ್ಷೆಯನ್ನು ಮಗುವಿಗೆ ತೊಡಿಸುತ್ತಾರೆ. ಆ ಹಿಮ್ಮಡಿ ಎಷ್ಟು ಎತ್ತರವಿರಬೇಕು, ಚರ್ಮದ್ದೋ ಕ್ಯಾನ್ವಾಸಿನದ್ದೋ ಎಂಬ ವಾದಗಳಲ್ಲಿ ಅಲ್ಲಿನ ತಾಯ್ತಂದೆಯರು ಸೊರಗುತ್ತಾರೆ. ಭರತನಾಟ್ಯದಲ್ಲಿಯಾದರೋ ಹಿಮ್ಮಡಿಯನ್ನು ಹುಟ್ಟುವಾಗಲೇ ಉಚಿತವಾಗಿ ಒದಗಿಸಲಾಗಿರುವುದರಿಂದ ಆ ಖರ್ಚಿಲ್ಲ, ಚಪ್ಪಲಿಯು ಪರೀಕ್ಷಾ ಕೊಠಡಿಯ ಹೊರಗೇ ಉಳಿಯುತ್ತದೆ. ಆದರೆ ಹೀಗೆ ಉಳಿದ ಚಿಂತೆಯೆಲ್ಲ ಕೆಲವು ಅಂಗುಲ ಮೇಲೇರಿ ಕಣಕಾಲಿನಲ್ಲಿ ಸೇರಿಕೊಳ್ಳುತ್ತದೆ.

ಕಣಕಾಲಿನ ವಿಷಯದಲ್ಲಿ ಪರಮಪ್ರಮಾಣವೆಂದರೆ ನಂದಿಕೇಶ್ವರನ ಅಭಿನಯದರ್ಪಣ. ಗೆಜ್ಜೆಗಳು ಕಂಚಿನವಾಗಿರಬೇಕು, ಒಳ್ಳೆಯ ನಾದವೂ ರೂಪವೂ ಉಳ್ಳವಾಗಿ ಸಣ್ಣವಾಗಿರಬೇಕು, ನಕ್ಷತ್ರಗಳೇ ಅವುಗಳ ಅಧಿದೇವತೆಗಳು, ಒಂದೊಂದು ಅಂಗುಲ ಬಿಟ್ಟು ನೀಲಿ ದಾರದಲ್ಲಿ ಗಟ್ಟಿ ಗಂಟು ಹಾಕಿ ಕಟ್ಟಬೇಕು, ನೂರು ಅಥವಾ ಇನ್ನೂರು ಇರಬೇಕು ಎಂಬುದು ಅದರ ಆಶಯ. ಆನಂದ ಕುಮಾರಸ್ವಾಮಿ ಮತ್ತು ದುಗ್ಗಿರಾಲ ಗೋಪಾಲಕೃಷ್ಣಯ್ಯನವರು 1917ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದದಲ್ಲಿ ಬಲಗಾಲಿಗೆ ನೂರು, ಎಡಗಾಲಿಗೆ ಇನ್ನೂರು ಎಂಬ ಇನ್ನೊಂದು ವಿಕಲ್ಪವೂ ಇದೆ. ಈ ಲಕ್ಷಣವನ್ನು ಮಗುವು ಶಾಸ್ತ್ರಪಾಠದಲ್ಲಿ ಬಾಯಿಪಾಠ ಮಾಡಿ ಉತ್ತರಪತ್ರಿಕೆಯಲ್ಲಿ ಬರೆದರೆ ಅಂಕಗಳು ಬರುತ್ತವೆ. ಅದನ್ನೇ ನಂಬಿ ಪ್ರಾಯೋಗಿಕ ಪರೀಕ್ಷೆಗೆ ಕಟ್ಟಿಕೊಂಡು ಹೋದರೆ ಏನಾಗುತ್ತದೆಂಬುದನ್ನು ಗಣಿತದಿಂದ ತಿಳಿಯಬಹುದು.

ಪಾವಗಡದ ಎಂಟು ವರ್ಷದ ಮಗುವೊಂದರ ಕಣಕಾಲಿನ ಸುತ್ತಳತೆ ಹತ್ತು ಅಂಗುಲವೆಂದಿಟ್ಟುಕೊಂಡರೆ, ಅಂಗುಲಕ್ಕೊಂದರಂತೆ ಪೋಣಿಸಿದ ನೂರು ಗೆಜ್ಜೆಗಳು ಹತ್ತು ಸುತ್ತು ಬರುತ್ತವೆ. ಸುತ್ತಿಗೊಂದು ಅಂಗುಲದಂತೆ ಅವು ಮೇಲೇರಿ ಮೀನಖಂಡವನ್ನು ಬಹುಪಾಲು ಆಕ್ರಮಿಸುತ್ತವೆ. ಇನ್ನೂರಾದರೆ ಮೊಣಕಾಲನ್ನು ದಾಟುತ್ತವೆ. ಮೊಣಕಾಲನ್ನು ಹೊರಕ್ಕೆ ಮಡಿಸಿ ಅರ್ಧ ಕೂರುವ ಅರೆಮಂಡಿಯೆಂಬ ನಿಲುವೇ ಭರತನಾಟ್ಯದ ಬುನಾದಿಯಾಗಿರುವುದರಿಂದ, ಮೊಣಕಾಲಿಗೇ ಕಂಚು ಕಟ್ಟಿದ ವಿದ್ಯಾರ್ಥಿನಿಯು ಅರೆಮಂಡಿಯಲ್ಲಿ ಕೂರಲಾರಳು, ಕೂತರೆ ಏಳಲಾರಳು. ಸಮವಲ್ಲದ ಮೂರನೆಯ ವಿಕಲ್ಪವನ್ನು ಆಶ್ರಯಿಸಿದರಂತೂ ಮಗುವು ಎಡಕ್ಕೆ ವಾಲುತ್ತದೆ. ಗ್ರಂಥಕಾರನ ಮನಸ್ಸಿನಲ್ಲಿದ್ದದ್ದು ಬೆಳೆದ ನರ್ತಕಿಯೇ ಹೊರತು ಮೂರನೆಯ ತರಗತಿಯ ಹುಡುಗಿಯಲ್ಲವೆಂದು ಸಮಾಧಾನ ಹೇಳುವುದು ಸುಲಭ. ಆದರೆ ಸುಲಭವಾದ ಸಮಾಧಾನವನ್ನು ಒಪ್ಪಿಕೊಂಡರೆ ಶಾಸ್ತ್ರಕ್ಕೆ ಕೆಲಸವಿರುವುದಿಲ್ಲ.

ನಕ್ಷತ್ರಗಳ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ನಕ್ಷತ್ರಗಳು 27, ಗೆಜ್ಜೆಗಳು ನೂರು. ಹಂಚಿದರೆ ಅಶ್ವಿನಿಯಿಂದ ಮೂಲದವರೆಗಿನ 19 ನಕ್ಷತ್ರಗಳಿಗೆ ತಲಾ ನಾಲ್ಕು, ಪೂರ್ವಾಷಾಢದಿಂದ ರೇವತಿಯವರೆಗಿನ ಎಂಟಕ್ಕೆ ತಲಾ ಮೂರೇ ದಕ್ಕುತ್ತವೆ. ಶ್ರವಣ ನಕ್ಷತ್ರದ ಮಗುವಿಗೆ ಇದು ಸ್ಪಷ್ಟವಾದ ಅನ್ಯಾಯ. 108 ಗೆಜ್ಜೆ ಕಟ್ಟಿದರೆ ಎಲ್ಲರಿಗೂ ನಾಲ್ಕು ನಾಲ್ಕು ಬಂದು ತಕರಾರು ತೀರುತ್ತದೆಯಾದರೂ ಕಾಲು ಇನ್ನಷ್ಟು ಭಾರವಾಗುತ್ತದೆ. ಈ ಚರ್ಚೆಯನ್ನು ಶನಿಮಹಾತ್ಮನ ದೇವಸ್ಥಾನವಿರುವ ಪಾವಗಡದಲ್ಲಿ ಎತ್ತದಿರುವುದು ಒಳಿತು; ಅಲ್ಲಿ ಗ್ರಹನಕ್ಷತ್ರಗಳ ವಿಚಾರವನ್ನು ಅರ್ಧಕ್ಕೆ ಬಿಟ್ಟು ಮೇಲೇಳುವವರು ವಿರಳ.

ಇನ್ನು ದ್ರವ್ಯವಿಚಾರ. ಕಂಚೆಂದರೆ ತಾಮ್ರ ಮತ್ತು ತವರದ ಮಿಶ್ರಲೋಹ, ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನದು. ಗ್ರಂಥವು ಮೊದಲನೆಯದನ್ನು ಹೇಳುತ್ತದೆ, ಅಂಗಡಿಯು ಎರಡನೆಯದನ್ನು ಕೊಡುತ್ತದೆ, ಗಿರಾಕಿಯು ಚಿನ್ನ ಕೊಂಡವನ ಮುಖ ಮಾಡುತ್ತಾನೆ. ನೀಲಿ ದಾರದ ಸ್ಥಾನದಲ್ಲಿ ಈಗ ಚರ್ಮದ ಅಥವಾ ಮಖಮಲ್ಲಿನ ಪಟ್ಟಿ ಬಂದಿದ್ದು, ಅದರ ಮೇಲೆ ಗೆಜ್ಜೆಗಳನ್ನು ಸಾಲುಸಾಲಾಗಿ ಹೊಲಿದಿರುತ್ತಾರೆ. ಮೂರು ಸಾಲು, ಐದು ಸಾಲು ಎಂದೇ ವ್ಯಾಪಾರ. ಮೂರು ಸಾಲಿನ ಪಕ್ಷವೇ ಮಗುವಿಗೆ ಹಿತ. ಐದು ಸಾಲಿನದನ್ನು ಕೇಳುವವರು ಸಾಮಾನ್ಯವಾಗಿ ಮಗುವಲ್ಲ, ಪಕ್ಕದ ಮನೆಯ ಮಗುವಿನ ಕಾಲಿನಲ್ಲಿ ಐದು ಸಾಲನ್ನು ಕಂಡು ಬಂದ ಹಿರಿಯರು.

ಮತಭೇದಗಳಲ್ಲಿ ಅತಿ ಪ್ರಬಲವಾದುದು ತಾತಪಕ್ಷ. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತುಗಳ ಕೊರಳಿಗೆಂದು ಮಾರುವ ಗೆಜ್ಜೆಯೂ ಅದೇ ಹಿತ್ತಾಳೆಯದು, ಸದ್ದು ಊರಿಗೆಲ್ಲ ಕೇಳುತ್ತದೆ, ಬೆಲೆಯಲ್ಲಿ ಚೌಕಾಸಿಗೆ ಅವಕಾಶವಿದೆ, ಕಡಲೆಕಾಯಿ ಬೆಳೆ ಕೈಕೊಟ್ಟ ವರ್ಷದಲ್ಲಿ ಬೇರೆ ಗೆಜ್ಜೆಯೇಕೆ ಎಂಬುದು ಅದರ ವಾದ. ವೃಷಭವಾದವೆಂದು ಕರೆಯಬಹುದಾದ ಈ ಮತವನ್ನು ಹೀಗೆ ನಿರಾಕರಿಸಬೇಕು: ಗುಂಡು ದೊಡ್ಡದಾದಷ್ಟೂ ನಾದ ತಗ್ಗುತ್ತದೆ, ತಗ್ಗಿದ ನಾದದಲ್ಲಿ ತಟ್ಟಡವಿನ ಮೂರು ಕಾಲಗಳು, ಎಂದರೆ ನಿಧಾನ, ಮಧ್ಯಮ, ವೇಗದ ಗತಿಗಳು, ಒಂದರೊಳಗೊಂದು ಕಲಸಿಹೋಗುತ್ತವೆ, ಅಲ್ಲದೆ ಎತ್ತಿಗೆ ಪರೀಕ್ಷೆಯಿಲ್ಲ.

ಅಮ್ಮನ ಪಕ್ಷವನ್ನು ವರ್ಧಮಾನವಾದವೆನ್ನಬಹುದು. ಬೆಳೆಯುವ ಮಗುವಿಗೆ ಒಂದಳತೆ ದೊಡ್ಡದನ್ನೇ ಕೊಳ್ಳಬೇಕೆಂಬ ಈ ಸಿದ್ಧಾಂತವು ಸಮವಸ್ತ್ರದಲ್ಲಿ ಸಫಲವಾಗಿದ್ದರೂ ಗೆಜ್ಜೆಯಲ್ಲಿ ಸೋಲುತ್ತದೆ, ಏಕೆಂದರೆ ಸಡಿಲವಾದ ಪಟ್ಟಿಯು ಹೆಜ್ಜೆಗೊಂದು ಬಾರಿಯಲ್ಲದೆ ಹೆಜ್ಜೆಯಾದ ಮೇಲೆ ಇನ್ನೊಂದು ಬಾರಿಯೂ ನುಡಿದು, ತಾಳ ತಪ್ಪದ ಮಗುವಿನ ಮೇಲೆ ತಾಳ ತಪ್ಪಿದ ಅಪವಾದವನ್ನು ಹೊರಿಸುತ್ತದೆ.

ಎಲ್ಲಿ ಕೊಳ್ಳಬೇಕೆಂಬ ದೇಶವಿಚಾರವನ್ನು ಸಂಕ್ಷೇಪಿಸಬಹುದು. ಕೊರಟಗೆರೆಯವರು ತುಮಕೂರಿಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮರಳುತ್ತಾರೆ. ಶಿರಾದವರಿಗೆ ಹೆದ್ದಾರಿಯೇ ಮನೆಯ ಮುಂದಿರುವುದರಿಂದ ಬೆಂಗಳೂರಿನ ಕೆಳಗೆ ಯಾವ ಊರೂ ಒಗ್ಗುವುದಿಲ್ಲ. ಪಾವಗಡದವರು ಗಡಿಯಾಚೆಯ ಹಿಂದೂಪುರದಲ್ಲಿ ತೆಲುಗಿನಲ್ಲಿಯೇ ಚೌಕಾಸಿ ಮಾಡಬಲ್ಲರು. ಮಧುಗಿರಿಯವರು ಗುರುಗಳನ್ನೇ ಕೇಳುತ್ತಾರೆ. ರಾಯದುರ್ಗ–ತುಮಕೂರು ರೈಲುಮಾರ್ಗವು ಪೂರ್ಣಗೊಂಡ ಮೇಲೆ ಅದರಲ್ಲಿಯೇ ಹೋಗಿ ತರೋಣವೆಂಬ ಮತವೂ ಇದೆ. ಆದರೆ ಮಗುವಿನ ಕಾಲು ಅಷ್ಟು ಕಾಲ ಬೆಳೆಯದೆ ಕಾಯಲಾರದು.

ಸಿದ್ಧಾಂತಪಕ್ಷದಲ್ಲಿ ನಿಜವಾಗಿ ನಿಲ್ಲುವುದು ಮಧುಗಿರಿಯವರ ಮಾರ್ಗವೇ. ಗೆಜ್ಜೆಯನ್ನು ಪೂಜಿಸಿ ಶಿಷ್ಯೆಗೆ ಕೊಡುವವರು ಗುರುಗಳಾದ್ದರಿಂದ, ಕೊಳ್ಳುವ ಮೊದಲು ಮಗುವನ್ನು ಅವರ ಮುಂದೆ ನಿಲ್ಲಿಸಿ ಪಟ್ಟಿಯನ್ನು ಕಟ್ಟಿಸಿ ಒಂದು ಅಡವನ್ನು ಮೂರು ಕಾಲಗಳಲ್ಲಿ ಮಾಡಿಸಿದರೆ, ಅಭಿನಯದರ್ಪಣವೂ ತಾತನೂ ಅಮ್ಮನೂ ಬಗೆಹರಿಸದ ಪ್ರಶ್ನೆಯು ಐದು ನಿಮಿಷದಲ್ಲಿ ಬಗೆಹರಿಯುತ್ತದೆ. ಇಷ್ಟು ಸರಳವಾದ ನಿರ್ಣಯಕ್ಕೆ ಗ್ರಂಥವೇಕೆಂಬ ಆಕ್ಷೇಪಕ್ಕೆ ಉತ್ತರ ಕೊಡುವುದು ಶಾಸ್ತ್ರಸಂಪ್ರದಾಯವಲ್ಲ.

ಉಳಿದದ್ದು ಉತ್ತರಾಧಿಕಾರದ ಪ್ರಶ್ನೆಯೊಂದೇ. ಕಾಲು ಬೆಳೆದ ಮೇಲೆ ಹಳೆಯ ಗೆಜ್ಜೆಯು ತಂಗಿಗೆ ಸಲ್ಲಬೇಕೆಂಬುದು ಅನುಜಾನ್ಯಾಯ, ಎಂದರೆ ಕಿರಿಯವಳ ಹಕ್ಕು, ಇದರಲ್ಲಿ ವಿವಾದವಿಲ್ಲ; ಆದರೆ ತಂಗಿಯೇ ಇಲ್ಲದ ಮನೆಯಲ್ಲಿಯೂ ಗೆಜ್ಜೆಯನ್ನು ಹಳೆಯ ರೇಷ್ಮೆ ರವಿಕೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು, ಕೇಳಿ ಬಂದ ಚಿಕ್ಕಮ್ಮನ ಮಗಳಿಗೆ ಕೊಡಲೊಪ್ಪದೆ, ಸೊಸೆಯ ಮುಖವನ್ನು ಅರ್ಥಗರ್ಭಿತವಾಗಿ ನೋಡುವ ಅಜ್ಜಿಯರ ಮತವನ್ನು ಖಂಡಿಸುವ ಧೈರ್ಯವನ್ನು ನಾಲ್ಕೂ ತಾಲ್ಲೂಕುಗಳಲ್ಲಿ ಯಾವ ವಿದ್ವಾಂಸನೂ ತೋರುವಂತಿಲ್ಲ.