ಮೂರು ಪೀಠ ಕಂಡವರು

ಇಂಗ್ಲೆಂಡಿನ ನಾಟಿಂಗ್‌ಹ್ಯಾಂನಲ್ಲಿ, ಒಂದು ಮನೆಯ ಅಡುಗೆಕೋಣೆ ಮೇಜಿನ ಮೇಲೆ ಮೈಮೇಲೆ ಎಳೆಯಷ್ಟೂ ಬಣ್ಣವಿಲ್ಲದೆ ಮಲಗಿದ್ದರು ಈ ಹಿರಿಯರು. ಮೈ ಸೀಸ, ತವರದ ಮಿಶ್ರಲೋಹ. ಕುಲ ಓರ್ಕ್, ಅಂದರೆ ಕೋರೆಹಲ್ಲು, ಹಸಿರು ಚರ್ಮ, ಕಾದಾಟವೇ ಕಸುಬು. 1980ರ ದಶಕದಲ್ಲಿ ಸಿಟಾಡೆಲ್ ಮಿನಿಯೇಚರ್ಸ್‌ನ ಅಚ್ಚಿನಿಂದ ಗೊಂಬೆಯಾಗಿ ಹೊರಬಿದ್ದು, 1983ರಲ್ಲಿ ಶುರುವಾದ 'ವಾರ್‌ಹ್ಯಾಮರ್' ಎಂಬ ಮೇಜಿನ ಯುದ್ಧದಾಟದಲ್ಲಿ ಸೇವೆ ಸಲ್ಲಿಸಿದವರು. ಸದ್ಯ ದುರಸ್ತಿಯಲ್ಲಿದ್ದಾರೆ.

ನಾನು: ನಮಸ್ಕಾರ. ತಾವು ಹಸಿರಾಗಿರಬೇಕಿತ್ತಲ್ಲವೇ?

ಓರ್ಕ್: ಡೆಟ್ಟಾಲ್ ಸ್ನಾನ ಆಯ್ತು ಸ್ವಾಮಿ. ನೀವು ಗಾಯಕ್ಕೆ ಹಾಕ್ತೀರಲ್ಲ, ಅದೇ. ನಮ್ಮ ಯಜಮಾನ ರಾತ್ರಿಯೆಲ್ಲ ಅದರಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಹಳೇ ಟೂತ್‌ಬ್ರಷ್ ತಗೊಂಡು ತಿಕ್ಕಿದ. ಎನಾಮಲ್ ಬಣ್ಣವನ್ನ ಯಾರೋ ದೋಸೆಹಿಟ್ಟಿನ ಹಾಗೆ ಬಳಿದಿದ್ರು; ನನಗೊಂದು ಮೂಗಿದೆ ಅನ್ನೋದೇ ಮರೆತುಹೋಗಿತ್ತು. 'ಯಾವ ಪುಣ್ಯಾತ್ಮ ಬಳಿದನೋ' ಅಂತ ಗೊಣಗ್ತಾ ತಿಕ್ಕಿದ. ಪುಣ್ಯಾತ್ಮ ಇವನೇ. ಆಗ ಶಾಲೆಗೆ ಹೋಗ್ತಿದ್ದ. ಇನ್ನೊಂದು ವಿಷಯ ಬರ್ಕೊಳ್ಳಿ: ಬಣ್ಣ ಪೂರ್ತಿ ಬಿಡೋ ಮುಂಚೆ ನೀರು ತಾಗಿಸಬಾರದು. ತಾಗಿಸಿದರೆ ಅದು ಅಂಟಂಟಾಗಿ ಸಂದಿಗೊಂದಿಯಲ್ಲೆಲ್ಲ ಕೂತುಬಿಡುತ್ತೆ. ಮೊದಲು ಡೆಟ್ಟಾಲಲ್ಲೇ ತೊಳೀಬೇಕು, ಆಮೇಲೆ ಸೋಪು ನೀರು.

ನಾನು: ಬಲಗೈ ಮುರಿದಿದೆ. ಯಾವ ಯುದ್ಧದಲ್ಲಿ?

ಓರ್ಕ್: ಯುದ್ಧದಲ್ಲೆಲ್ಲಿ ಮುರೀತು! ಅಟ್ಟದ ಮೇಲೆ, ರಟ್ಟಿನ ಪೆಟ್ಟಿಗೆಯಲ್ಲಿ. ಮೇಲೊಬ್ಬ ಟ್ರೋಲ್ ಬಿದ್ದ. ಲೋಹದ ಕೈಗೆ ಬರೀ ಸೂಪರ್ ಗ್ಲೂ ನಿಲ್ಲಲ್ಲ, ಅದಕ್ಕೆ ಭುಜಕ್ಕೂ ತೋಳಿಗೂ ಒಂದು ಮಿಲಿಮೀಟರ್ ತೂತು ಕೊರೆದು ಹಿತ್ತಾಳೆ ತಂತಿ ತೂರಿಸಿದಾನೆ. ಸಂದಿಗೆ ಎಪಾಕ್ಸಿ ಪುಟ್ಟಿ. ಹಳದಿ ಒಂದು ಪಟ್ಟಿ, ನೀಲಿ ಒಂದು ಪಟ್ಟಿ, ನಾದಿದರೆ ಹಸಿರು. ನಮ್ಮ ಕುಲದ ಬಣ್ಣ ಅಂತ ನನಗೂ ಸ್ವಲ್ಪ ಹೆಮ್ಮೆ.

ನಾನು: ಯುದ್ಧಕ್ಕೆ ಹೋಗೇ ಇಲ್ಲವೇ ಹಾಗಾದರೆ?

ಓರ್ಕ್: ಹೋಗಿದ್ದೀನಪ್ಪ. ಆದರೆ ಆಗ ನಮ್ಮವರಿಗೆ ಅಂತಲೇ ಒಂದು ನಿಯಮ ಇತ್ತು. ದಾಳದಲ್ಲಿ 1 ಬಿದ್ದರೆ ಶತ್ರುವನ್ನ ಬಿಟ್ಟು ನಮ್ಮನಮ್ಮಲ್ಲೇ ಜಗಳ. ನಮ್ಮ ಹುಡುಗ 1 ಹಾಕೋದರಲ್ಲಿ ನಿಸ್ಸೀಮ.

ನಾನು: ಈಗ ಪೀಠದ ವಿಚಾರಕ್ಕೆ ಬರೋಣ. ತಮ್ಮದು ಪೀಠಾಂತರ ಅಂತ ಕೇಳಿದೆ.

ಓರ್ಕ್: ಎರಡು ಸಲ! ನಾವು ಹುಟ್ಟುವಾಗ ಕಾಲಡಿಗೆ ಒಂದು ಲೋಹದ ಪಟ್ಟಿ ಇರ್ತಿತ್ತು. ಪ್ಲಾಸ್ಟಿಕ್ ಪೀಠದ ಸೀಳಿಗೆ ಅದನ್ನ ಸಿಕ್ಕಿಸೋದು. ಓರ್ಕಿಗೆ 25 ಮಿಲಿಮೀಟರ್ ಚೌಕ, ಗಾಬ್ಲಿನ್‌ನಂಥ ಕುಳ್ಳರಿಗೆ 20. ಚೌಕ ಯಾಕೆ ಅಂದರೆ ಭುಜಕ್ಕೆ ಭುಜ ಕೊಟ್ಟು ಸಾಲಾಗಿ ನಿಲ್ಲಬೇಕಲ್ಲ. 2015ರಲ್ಲಿ ಕಂಪನಿಯವರು ಆ ಲೋಕವನ್ನೇ ಮುಗಿಸಿಬಿಟ್ಟರು. ಆಟ ನಿಲ್ಲಿಸಿದ್ದಷ್ಟೇ ಅಲ್ಲ, ಕಥೆಯಲ್ಲೂ ಪ್ರಳಯ ತಂದು ಬಹುತೇಕ ಎಲ್ಲರನ್ನೂ ಕೊಂದರು. ಆಮೇಲೆ ಬಂದದ್ದು 'ಏಜ್ ಆಫ್ ಸಿಗ್ಮಾರ್', ಅದಕ್ಕೆ ದುಂಡು ಪೀಠ. ಇವನು ಕಟಿಂಗ್ ಪ್ಲೇಯರ್ ತಗೊಂಡು ಕಾಲಡಿಯ ಪಟ್ಟಿ ಕತ್ತರಿಸಿ, ನನ್ನನ್ನ 32 ಮಿಲಿಮೀಟರ್ ದುಂಡಿನ ಮೇಲೆ ಅಂಟಿಸಿದ. ತಮಾಷೆ ಏನು ಗೊತ್ತಾ? ಆ ಆಟದ ಮೊದಲ ನಿಯಮಾವಳಿ ನಾಲ್ಕೇ ಪುಟ. ಅದರ ಪ್ರಕಾರ ದೂರ ಅಳೆಯೋದು ಗೊಂಬೆಯಿಂದ, ಪೀಠ ಲೆಕ್ಕಕ್ಕೇ ಇಲ್ಲ. ಆದರೂ ಕತ್ತರಿಸಿದ, ಎಲ್ಲರೂ ಕತ್ತರಿಸ್ತಿದ್ರು ಅಂತ.

ನಾನು: ಆಮೇಲೆ?

ಓರ್ಕ್: 2024ರ ಜನವರಿ. 'ದಿ ಓಲ್ಡ್ ವರ್ಲ್ಡ್' ಅನ್ನೋ ಆಟ ಬಂತು. ಸತ್ತ ಲೋಕ ಎದ್ದು ಬಂತು, ಚೌಕ ಪೀಠವೂ ಬಂತು. ಸರಿ, ನನ್ನ ಹಳೇ ಜಾಗಕ್ಕೆ ಹೋಗೋಣ ಅಂತ ಹೊರಟರೆ, ಓರ್ಕಿಗೆ ಇನ್ನು 30 ಮಿಲಿಮೀಟರ್ ಅಂದರು! ಈಗಿನ ಪ್ಲಾಸ್ಟಿಕ್ ಹುಡುಗರು ನೋಡಿ, ತೋಳು ಅಗಲಿಸಿಕೊಂಡೇ ಹುಟ್ತಾರೆ. ಅವರ ಅಳತೆಗೆ ನಾವೂ ಅಗಲ ಆಗಬೇಕು. ಐದು ಜನರ ಸಾಲು 125 ಇದ್ದದ್ದು 150 ಆಯ್ತು. ನಾನು ಮಾತ್ರ ಇದ್ದಷ್ಟೇ ಇದ್ದೀನಿ, ಸುತ್ತ ಬರೀ ಖಾಲಿ ಜಾಗ.

ನಾನು: ಹಳೇ ಪೀಠಗಳನ್ನು ಹಾಗೇ ದೂರ ದೂರ ಕೂರಿಸುವ ತಟ್ಟೆಗಳು ಸಿಗುತ್ತವಂತಲ್ಲ?

ಓರ್ಕ್: ಅದು ಬುದ್ಧಿವಂತರ ದಾರಿ. ಇವನು ಶ್ರದ್ಧಾವಂತ. ನನ್ನನ್ನ ಫ್ರೀಜರ್‌ನಲ್ಲಿಟ್ಟ, ಬಟಾಣಿ ಪೊಟ್ಟಣದ ಪಕ್ಕ. ಚಳಿಗೆ ಸೂಪರ್ ಗ್ಲೂ ಪೆಡಸಾಗುತ್ತೆ, ತಿರುಚಿದರೆ ಟಪ್ ಅಂತ ಬಿಡುತ್ತೆ. ಹೆಂಡತಿ ಬಾಗಿಲು ತೆಗೆದು ನನ್ನನ್ನ ನೋಡಿದಳು, ಏನೂ ಕೇಳದೆ ಹಾಕಿದಳು. ಬಹಳ ವರ್ಷದ ಸಂಸಾರ.

ನಾನು: ಆರೋಗ್ಯ ಹೇಗಿದೆ?

ಓರ್ಕ್: ನಮಗಿರೋ ದೊಡ್ಡ ರೋಗ ಮರದ ಕಪಾಟು. ಓಕ್ ಮರ ಬಿಡೋ ಆಮ್ಲದ ಆವಿಗೆ ಸೀಸ ಬಿಳಿ ಪುಡಿಯಾಗಿ ಉದುರುತ್ತೆ. ಅದು ಸದ್ಯಕ್ಕಿಲ್ಲ. ನನಗೆ ಚಿಂತೆ ಇವನದು. ನನ್ನನ್ನ ಅರದಲ್ಲಿ ಉಜ್ಜಿ, ಕೈ ತೊಳೀದೆ ಬಿಸ್ಕತ್ತು ತಿಂತಾನೆ. ಸೀಸ ವಿಷ ಅಂತ ಕಂಪನಿಯವರೇ 1990ರ ದಶಕದಲ್ಲಿ ಬಿಟ್ಟರು. ಇಷ್ಟು ವರ್ಷ ಕೊಡಲಿ ಹಿಡಿದು ನಾನು ಒಬ್ಬನನ್ನೂ ಕೊಂದಿಲ್ಲ. ಮೊದಲ ಬಲಿ ಯಜಮಾನನೇ ಆದರೆ ಏನು ಮರ್ಯಾದೆ?

ನಾನು: ಮತ್ತೆ ರಣರಂಗಕ್ಕೆ ಯಾವಾಗ?

ಓರ್ಕ್: ಪುಟ್ಟಿ ಒಣಗಬೇಕು, ಪ್ರೈಮರ್ ಆಗಬೇಕು, ಪೀಠಕ್ಕೆ ಮರಳು ಉದುರಿಸಬೇಕು. ಪೀಠದ ಅಂಚಿಗೆ ಹಿಂದಿನ ಗಿಳಿಹಸಿರೋ ಈಗಿನ ಕಂದೋ ಅನ್ನೋದು ಇನ್ನೂ ತೀರ್ಮಾನವಾಗಿಲ್ಲ. ಎದುರಾಳಿ ಯಾರು ಅಂತಲೂ ಗೊತ್ತಿಲ್ಲ. ಇವನು ಆಡೋದು ಬಿಟ್ಟು ಯಾವ ಕಾಲ ಆಯ್ತೋ.

ನಾನು: ಅಂದಹಾಗೆ, ತಮ್ಮ ಮೊದಲ ಪೀಠ, ಆ 25ರದ್ದು, ಏನಾಯಿತು?

ಓರ್ಕ್: ಬಿಸ್ಕತ್ತಿನ ಡಬ್ಬದಲ್ಲಿ ಜೋಪಾನವಾಗಿತ್ತು. ಇವನು ಏನನ್ನೂ ಎಸೆಯೋ ಪೈಕಿ ಅಲ್ಲ. ಆದರೆ ಹೊಸ ನಿಯಮದಲ್ಲಿ ಗಾಬ್ಲಿನ್‌ಗೂ ಬಡ್ತಿ ಸಿಕ್ಕಿದೆ, 20ರಿಂದ 25ಕ್ಕೆ. ಅಗೋ ಅಲ್ಲಿ, ನನ್ನ ಪೀಠದ ಮೇಲೆ ಹಲ್ಲು ಕಿರಿದು ನಿಂತಿದ್ದಾನಲ್ಲ, ಅವನೇ. ಸ್ವಾಮಿ, ಆ ದಾಳ ಸ್ವಲ್ಪ ಇತ್ತ ಕೊಡ್ತೀರಾ?