ಬೋರ್ಡಿಗೆ ಶೇ. 60, ಹುಡುಗನಿಗೆ ಸೊನ್ನೆ

ಕೆಲಸ: ಅಂಗಿ ಮಡಚಿಡುವುದು. ಅರ್ಹತೆ: ಡಿಗ್ರಿ, ಇಂಗ್ಲಿಷ್, ಹಿಂದಿ, ಕಪ್ಪು ಶೂ, ನಗುಮುಖ. ಕನ್ನಡ ಬಂದರೆ ಅಭ್ಯಂತರವಿಲ್ಲ.

ಹೆಬ್ಬಾಳದಿಂದ ಯಲಹಂಕದವರೆಗೆ ಬಳ್ಳಾರಿ ರಸ್ತೆಯುದ್ದಕ್ಕೂ ಗಾಜಿನ ಅಂಗಡಿಗಳೆದ್ದಿವೆ. ಅಲ್ಲಿ ಕೆಲಸ ಕೇಳಿಕೊಂಡು ಹೋಗುವ ಹುಡುಗ ಹುಡುಗಿಯರು ಎದುರಿಸುವ ಇಂಟರ್ವ್ಯೂ ನೋಡಿದರೆ ಐಎಎಸ್ ಸುಲಭ ಅನ್ನಿಸುತ್ತದೆ.

‘ಇನ್ನು ಐದು ವರ್ಷಕ್ಕೆ ಎಲ್ಲಿರ್ತೀರ?’ ಇದು ಕಾಯಂ ಪ್ರಶ್ನೆ. ಕೇಳುವ ಮ್ಯಾನೇಜರ್ ಮುಂದಿನ ಯುಗಾದಿಗೆ ಅದೇ ಕುರ್ಚಿಯಲ್ಲಿರುತ್ತಾರೆಂಬ ಖಾತ್ರಿಯಿಲ್ಲ. ‘ಈ ಪೆನ್ನು ನನಗೆ ಮಾರಿ ನೋಡೋಣ.’ ಅಂಗಡಿಯಲ್ಲಿ ಪೆನ್ನೇ ಇಲ್ಲ. ‘ನಮ್ಮ ಕಂಪನಿಯನ್ನೇ ಯಾಕೆ ಆರಿಸಿಕೊಂಡ್ರಿ?’ ಪಕ್ಕದ ಅಂಗಡಿಯವರು ಬೇಡ ಅಂದರು, ಅದಕ್ಕೆ. ಆದರೆ ಹಾಗನ್ನುವಂತಿಲ್ಲ. ಪ್ರಾಮಾಣಿಕತೆ ಬೇಕು ಎಂದು ಜಾಹೀರಾತಿನಲ್ಲೇ ಬರೆದಿರುತ್ತಾರೆ. ಹುಡುಗ ಸುಳ್ಳು ಹೇಳಿದರಷ್ಟೇ ಪಾಸು.

‘ಸಂಬಳ ಎಷ್ಟು ಸಾರ್?’ ಎಂದನೋ, ಕೆಟ್ಟ. ಆಟಿಟ್ಯೂಡ್ ಸರಿಯಿಲ್ಲ. ದುಡ್ಡು ಮುಖ್ಯವಲ್ಲ, ಕಲಿಕೆ ಮುಖ್ಯ ಎಂದು ಬೋಧಿಸುತ್ತಾರೆ. ಕಾಲುಚೀಲಕ್ಕೂ ಎಂಆರ್‌ಪಿ ಅಂಟಿಸುವ ಜನ ಇವರು. ಅದನ್ನು ಮಾರುವವನ ಬೆಲೆ ಮಾತ್ರ ಗುಟ್ಟು.

ಕೊನೆಗೊಂದು ಅಂಕಿ ಹೇಳುತ್ತಾರೆ. ಅದು ಸಿಟಿಸಿ, ಅಂದರೆ ಹುಡುಗನ ಮೇಲೆ ಕಂಪನಿಗೆ ತಗಲುವ ಒಟ್ಟು ಖರ್ಚು. ಮಾಲೀಕ ತನ್ನ ಪಾಲಿಗೆ ಕಟ್ಟಬೇಕಾದ ಶೇ. 12 ಪಿಎಫ್, ಶೇ. 3.25 ಇಎಸ್‌ಐ ಕೂಡ ಅದರೊಳಗೇ ಅಡಗಿ ಕೂತಿರುತ್ತವೆ. ಹುಡುಗನ ಪಾಲು ಬೇರೆ ಕಟ್ ಆಗುತ್ತದೆ. ಕೈಗೆ ಬಂದದ್ದು ಪಿ.ಜಿ. ಬಾಡಿಗೆಗೆ ಸಾಕಾದರೆ ಪುಣ್ಯ. ಮಿಕ್ಕಿದ್ದಕ್ಕೆ ಇನ್ಸೆಂಟಿವ್ ಇದೆಯಲ್ಲ, ಟಾರ್ಗೆಟ್ ಮುಟ್ಟಿದರೆ. ಮುಟ್ಟುವ ತಿಂಗಳು ಟಾರ್ಗೆಟ್ಟೇ ಮೇಲೇರುತ್ತದೆ.

ಕರ್ನಾಟಕ ಅಂಗಡಿಗಳ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಎಂಬುದೊಂದಿದೆ, 1961ರದ್ದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಮೀರಿದರೆ ಎರಡರಷ್ಟು ಕೂಲಿ. ಇಂಟರ್ವ್ಯೂನಲ್ಲಿ ಇದರ ಸುದ್ದಿಯೇ ಇಲ್ಲ. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕಪ್ಪ’ ಎಂಬ ಒಂದೇ ಕಲಮು. ರಾತ್ರಿ ಹತ್ತಕ್ಕೆ ಶಟರ್ ಎಳೆದ ಮೇಲೆ ಸ್ಟಾಕ್ ಎಣಿಸಬೇಕು. ಆಮೇಲೆ ದೊಡ್ಡಬಳ್ಳಾಪುರದ ಬಸ್ಸು ಸಿಗುತ್ತದೋ ಇಲ್ಲವೋ, ಅದು ಹುಡುಗನ ತಲೆನೋವು.

ಕೂರುವಂತಿಲ್ಲ. ಗಿರಾಕಿ ಇಲ್ಲದಿದ್ದರೂ ಕೂರುವಂತಿಲ್ಲ. ಅಂಗಡಿಯಲ್ಲಿ ದುಡಿಯುವವರಿಗೆ ಕೂರಲು ಆಸನ ಕೊಡಿ ಎಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು. ಮನುಷ್ಯರಿಗೆ ಕಾಲು ನೋಯುತ್ತದೆ ಎಂಬುದು ಗೆಜೆಟ್‌ನಲ್ಲಿ ಅಚ್ಚಾಗದ ಹೊರತು ಕೆಲವರಿಗೆ ಅರ್ಥವಾಗುವುದಿಲ್ಲ.

ಇನ್ನು ಭಾಷೆ. 2023ರ ಡಿಸೆಂಬರ್ 27ರಂದು ಕರ್ನಾಟಕ ರಕ್ಷಣಾ ವೇದಿಕೆಯವರು ಅಂಗಡಿ ಬೋರ್ಡುಗಳಲ್ಲಿ ಕನ್ನಡ ಬೇಕೆಂದು ಬೀದಿಗಿಳಿದರು. ಇದೇ ಬಳ್ಳಾರಿ ರಸ್ತೆಯ ಮಾಲ್ ಆಫ್ ಏಷ್ಯಾದ ಮುಂದೆಯೂ ಬೋರ್ಡುಗಳು ಉರುಳಿದವು. ಫೆಬ್ರವರಿಯಲ್ಲಿ ವಿಧಾನಸಭೆ ಮಸೂದೆಗೆ ಒಪ್ಪಿಗೆ ಕೊಟ್ಟಿತು: ನಾಮಫಲಕದಲ್ಲಿ ಶೇ. 60 ಕನ್ನಡ. ಸರಿ, ಬೋರ್ಡು ಬದಲಾಯಿತು. ಅದರ ಕೆಳಗಿನ ಬಾಗಿಲು ದಾಟಿ ಒಳಹೋದ ಹುಡುಗನಿಗೆ ಮೊದಲ ಪ್ರಶ್ನೆ: ‘ಹಿಂದಿ ಆತಾ ಹೈ?’

ಸರ್ಕಾರವೂ ಸುಮ್ಮನಿರಲಿಲ್ಲ. 2024ರ ಜುಲೈ 15ರಂದು ಸಚಿವ ಸಂಪುಟ ಸ್ಥಳೀಯರ ಉದ್ಯೋಗ ಮಸೂದೆಗೆ ಅಸ್ತು ಎಂದಿತು. ಖಾಸಗಿ ಕಂಪನಿಗಳ ಆಡಳಿತದ ಹುದ್ದೆಗಳಲ್ಲಿ ಸ್ಥಳೀಯರಿಗೆ ಶೇ. 50, ಉಳಿದವುಗಳಲ್ಲಿ ಶೇ. 70. ಉದ್ಯಮಿಗಳು ಹುಬ್ಬು ಗಂಟಿಕ್ಕಿದರು. ಜುಲೈ 17ಕ್ಕೆ ಮಸೂದೆ ತಡೆಹಿಡಿಯಲಾಯಿತು. ಎರಡೇ ದಿನ. ಹುಡುಗನ ಪ್ರೊಬೇಷನ್ ಕೂಡ ಇದಕ್ಕಿಂತ ಉದ್ದ.

ನವೆಂಬರ್ 1ರ ಕಥೆ ಕೇಳಿ. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನದ ಸಾಲಿನಲ್ಲೇ ಅದೂ ಕಾನೂನಿನ ರಜೆ. ಅಂದು ದುಡಿಸಿಕೊಂಡರೆ ಎರಡರಷ್ಟು ಕೂಲಿ, ಇಲ್ಲವೇ ಬದಲಿ ರಜೆ. ಮಾಲ್‌ನಲ್ಲಿ ಅಂದು ರಾಜ್ಯೋತ್ಸವದ ಸೇಲ್. ಹುಡುಗನ ಕುತ್ತಿಗೆಗೆ ಹಳದಿ-ಕೆಂಪು ಶಾಲು ಹೊದಿಸಿ ಬಾಗಿಲಲ್ಲಿ ನಿಲ್ಲಿಸುತ್ತಾರೆ. ಕೂಲಿ? ಶಾಲು ಹಾಕಿದ್ದೇವಲ್ಲ!

ಮ್ಯಾನೇಜರರನ್ನಷ್ಟೇ ಬೈದರೆ ಅನ್ಯಾಯ. ಭಾನುವಾರ ಮಾಲ್‌ಗೆ ಹೋಗುವವರು ನಾವೇ. ಆರ್.ಟಿ. ನಗರದ ಅಪ್ಪಟ ಕನ್ನಡದ ಮನೆಯಿಂದ ಹೊರಟು, ಶಿಡ್ಲಘಟ್ಟದ ಹುಡುಗನನ್ನು ‘ಭಯ್ಯಾ, ಮೀಡಿಯಂ ಸೈಜ್ ಹೈ ಕ್ಯಾ?’ ಎಂದು ಕೇಳುತ್ತೇವೆ. ಅವನೂ ಹಿಂದಿಯಲ್ಲೇ ತಡವರಿಸುತ್ತಾನೆ. ಇಬ್ಬರೂ ಕನ್ನಡಿಗರು. ಹೊರಬಂದು ಬೋರ್ಡಿನಲ್ಲಿ ಕನ್ನಡ ಚಿಕ್ಕದಾಯಿತೆಂದು ಫೋಟೊ ಹಾಕುತ್ತೇವೆ. ಹಿಂದಿ ಬರುವವನೇ ಬೇಕು ಎಂದು ಮ್ಯಾನೇಜರ್ ಹಟ ಹಿಡಿದರೆ ಅವನಿಗೆ ಸಾಕ್ಷಿ ಒದಗಿಸಿದವರು ನಾವು.

ಕೆಲಸ ಹುಡುಕುತ್ತಿರುವವರು ಒಂದು ವಿಷಯ ನೆನಪಿಟ್ಟುಕೊಳ್ಳಿ. ಕೆಲಸಕ್ಕೆ ಸೇರಿದ 30 ದಿನದೊಳಗೆ ಹುದ್ದೆ, ಸಂಬಳ, ಷರತ್ತುಗಳನ್ನು ಬರೆದ ನೇಮಕಾತಿ ಆದೇಶ ಕೊಡಲೇಬೇಕು; ಅದೇ 1961ರ ಕಾಯ್ದೆ ಹೇಳುವ ಮಾತು. ಇಂಟರ್ವ್ಯೂ ಮುಗಿಯುವಾಗ ‘ಎನಿ ಕ್ವೆಶ್ಚನ್ಸ್?’ ಎಂದು ಅವರೇ ಕೇಳುತ್ತಾರೆ. ನಾಚಿಕೊಂಡು ‘ನೋ ಸಾರ್’ ಅನ್ನಬೇಡಿ. ಆದೇಶ ಯಾವತ್ತು ಕೊಡ್ತೀರ ಸಾರ್, ಎಂದು ಕೇಳಿ. ಕನ್ನಡದಲ್ಲೇ ಕೇಳಿ.