ಕನ್ಯಾ ನೋಡಲು ಹೊರಟ ಹಿರಿಯರಿಗೊಂದು ಬಹಿರಂಗ ಪತ್ರ

ಅಕ್ಕೋಳ, ನಿಪ್ಪಾಣಿ, ಚಿಕ್ಕೋಡಿ ಕಡೆ ಕನ್ಯಾ ನೋಡಲು ಹೊರಡುವ ಸಮಸ್ತ ಕಾಕಾ, ಮಾವ, ಅತ್ತಿಯವರಿಗೆ ಸಾಷ್ಟಾಂಗ ನಮಸ್ಕಾರ.

ತಮ್ಮ ತಪಾಸಣೆಯ ಕೀರ್ತಿ ಕೊಲ್ಹಾಪುರದವರೆಗೂ ಹಬ್ಬಿದೆ. ಅವಲಕ್ಕಿ ತಿಂದು ಚಹಾ ಮುಗಿಸುವಷ್ಟರಲ್ಲಿ ಹುಡುಗಿಯ ಗೋತ್ರ, ನಾಡಿ, ಎತ್ತರ, ಬಣ್ಣ, ಅವರಪ್ಪನ ಕಬ್ಬಿನ ಎಕರೆ ಎಲ್ಲವೂ ತಮ್ಮ ಲೆಕ್ಕಕ್ಕೆ ಬಂದಿರುತ್ತವೆ. ಮಂಗಳ ಎಷ್ಟನೇ ಮನೆಯಲ್ಲಿ ಕೂತಿದ್ದಾನೆಂಬುದೂ ಗೊತ್ತು. ಗೊತ್ತಿಲ್ಲದ್ದು ಒಂದೇ: ಆಕೆಯ ರಕ್ತದಲ್ಲಿ ರುಬೆಲ್ಲಾ ತಡೆಯುವ ಶಕ್ತಿ ಇದೆಯೇ?

ರುಬೆಲ್ಲಾಗೆ ಜಾತಕವಿಲ್ಲ, ತಮ್ಮ ಕಣ್ಣಿಗೆ ಬೀಳದಿದ್ದರೆ ತಪ್ಪೇನಿಲ್ಲ. ಸಣ್ಣ ಜ್ವರ, ಮೂರು ದಿನ ಮೈಮೇಲೆ ಕೆಂಪು ದದ್ದು. ಎಷ್ಟೋ ಮಂದಿಗೆ ಅದೂ ಇಲ್ಲ. ಆದರೆ ಬಸುರಿನ ಮೊದಲ ಮೂರು ತಿಂಗಳಲ್ಲಿ ತಗುಲಿದರೆ ಕೂಸು ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ ಹೊತ್ತು ಹುಟ್ಟಬಹುದು. ಈ ಅಪಾಯ ನೂರಕ್ಕೆ 90ರವರೆಗೂ ಹೋಗುತ್ತದೆ. ಪೊರೆ ಬಂದ ಕೂಸುಗಳನ್ನು ನೋಡಿದ ಆಸ್ಟ್ರೇಲಿಯಾದ ನೇತ್ರವೈದ್ಯ ನಾರ್ಮನ್ ಗ್ರೆಗ್, ತಾಯಂದಿರಿಗೆ ಬಸುರಿನಲ್ಲಿ ಈ ಬೇನೆ ಬಂದಿದ್ದೇ ಕಾರಣವೆಂದು 1941ರಲ್ಲೇ ಹೇಳಿದ. ನಮ್ಮಲ್ಲಿ ಕಾರಣ ಹುಡುಕಲು ಅಷ್ಟು ತೊಂದರೆ ಬೇಕಿಲ್ಲ. ಗ್ರಹಣವಿದೆ, ಅದೂ ಸಾಲದಿದ್ದರೆ ಸೊಸೆಯ ಕಾಲ್ಗುಣವಿದೆ.

ಲಸಿಕೆಯೇನು ಸಮುದ್ರದಾಚೆಯದ್ದಲ್ಲ. ನಿಪ್ಪಾಣಿಯ ಹೆದ್ದಾರಿ ಹಿಡಿದು ಹೋದರೆ ಸಿಗುವ ಪುಣೆಯಲ್ಲೇ, ಸೀರಂ ಇನ್‌ಸ್ಟಿಟ್ಯೂಟಿನಲ್ಲಿ ತಯಾರಾಗುತ್ತದೆ. ಒಂದೇ ಡೋಸಿಗೆ ನೂರರಲ್ಲಿ 95 ಮಂದಿಗೆ ರಕ್ಷಣೆ ಸಿಗುತ್ತದೆ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ಸೂಜಿ ಹಾಕಿದರು. ಆಗಲೇ 15 ದಾಟಿದ್ದ ಹುಡುಗಿಯರು ಹೊರಗೆ ಉಳಿದರು. ತಾವು ಅವಲಕ್ಕಿ ತಿನ್ನುತ್ತಿರುವುದು ಅವರ ಮನೆಯಲ್ಲೇ. ಹಲವರಿಗೆ ಚಿಕ್ಕಂದಿನಲ್ಲೇ ಬೇನೆ ಬಂದು ಹೋಗಿ ರಕ್ಷಣೆ ಸಿಕ್ಕಿರುತ್ತದೆ, ಎಲ್ಲರಿಗೂ ಅಲ್ಲ. ಯಾರಿಗೆ ಇಲ್ಲವೆಂದು ಮುಖ ನೋಡಿ ಹೇಳಲಾಗದು, ಬಣ್ಣ ನೋಡಿಯಂತೂ ಆಗದು.

ಸೂಜಿಯೆಂದರೆ ಹೆದರಿಕೆ ಎನ್ನುತ್ತೀರಿ. ಆ ಹೆದರಿಕೆಗೆ ಕಾರಣವಿದೆ, ಅದನ್ನು ನಗೆಯಲ್ಲಿ ತೇಲಿಸುವಂತಿಲ್ಲ. 2022ರ ಜನವರಿಯಲ್ಲಿ ನಮ್ಮದೇ ಜಿಲ್ಲೆಯ ರಾಮದುರ್ಗ ತಾಲೂಕಿನಲ್ಲಿ ಈ ಲಸಿಕೆ ಹಾಕಿದ ಮೇಲೆ ಮೂರು ಕೂಸುಗಳು ಸತ್ತವು. ಲಸಿಕೆಯನ್ನು ಇಟ್ಟ, ಬಳಸಿದ ರೀತಿಯಲ್ಲಿ ಸಿಬ್ಬಂದಿಯ ನಿರ್ಲಕ್ಷ್ಯವಿತ್ತೆಂದು ಅಧಿಕಾರಿಗಳೇ ಹೇಳಿದರು. ಆ ಸಿಟ್ಟು ಲಸಿಕೆ ಜೋಪಾನ ಮಾಡಬೇಕಾದವರ ಮೇಲಿರಲಿ, ಲಸಿಕೆಯ ಮೇಲೆ ಬೇಡ.

ಇನ್ನು ವರಮಹಾಶಯರ ವಿಚಾರ. ಜಪಾನಿನಲ್ಲಿ 1977ರಿಂದ ಬಹುಕಾಲ ಶಾಲೆಯ ಹುಡುಗಿಯರಿಗಷ್ಟೇ ರುಬೆಲ್ಲಾ ಲಸಿಕೆ ಕೊಟ್ಟರು. ಗಂಡಸರಿಗೇಕೆ ಎಂಬ ಲೆಕ್ಕ. 2013ರಲ್ಲಿ 14 ಸಾವಿರಕ್ಕೂ ಹೆಚ್ಚು ಮಂದಿಗೆ ಬೇನೆ ಬಂತು, ಹೆಚ್ಚಿನವರು ವಯಸ್ಕ ಗಂಡಸರೇ. 2012ರಿಂದ 2014ರೊಳಗೆ 45 ಕೂಸುಗಳು ಅದರ ಗುರುತು ಹೊತ್ತು ಹುಟ್ಟಿದವು. ಅಂದಮೇಲೆ ಬೇನೆ ತರುವವನು ತಮ್ಮ ಸುಪುತ್ರನೂ ಆಗಬಹುದು.

ಬಸುರಿಗೆ ಈ ಲಸಿಕೆ ಕೊಡುವಂತಿಲ್ಲ, ಹಾಕಿಸಿಕೊಂಡ ಮೇಲೂ ಒಂದು ತಿಂಗಳು ಬಸುರು ಬೇಡ. ಆದ್ದರಿಂದ ನಿಶ್ಚಯ ಮುಗಿದ ವಾರದಲ್ಲೇ, ಪುರೋಹಿತರ ಮನೆಗೆ ಹೋಗುವ ದಾರಿಯಲ್ಲಿ, ಹುಡುಗ-ಹುಡುಗಿ ಇಬ್ಬರನ್ನೂ ಡಾಕ್ಟರ ಹತ್ತಿರ ಕರೆದೊಯ್ದು ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಯ ಬಗ್ಗೆ ಕೇಳಿ.